ಅಮ್ಮ ಬರುವ ಮೊದಲು ತೊಟ್ಟಿ ಮುಚ್ಚು

ಗಿಲ್ಡರ್,

ನಾನು ಬಾಳೆಕಾಯಿ ತರಲು ಬೆಲೆನ್ ಸಂತೆಗೆ ಹೊರಟೆ. ಮಧ್ಯಾಹ್ನದ ದೋಣಿಗೆ ಅಮ್ಮ ಬರುತ್ತಾಳೆ. ಅವಳು ಒಳಗೆ ಕಾಲಿಡುವ ಮೊದಲೇ ಮೀನಿನ ತೊಟ್ಟಿಗೆ ಬೆಡ್‌ಶೀಟು ಹೊದಿಸು, ಹೊಸ ಮೀನಾದರೂ ಉಳಿಯಲಿ.

ಹೋದ ಸಲ ಪಾಪ ಅವಳದೇನೂ ತಪ್ಪಿರಲಿಲ್ಲ. ನೀನು ಲಿಮಾದಿಂದ ವಿಮಾನದಲ್ಲಿ ತರಿಸಿದ ಆ ದುಬಾರಿ 'ವಿದೇಶಿ' ಮೀನು ನಮ್ಮ ನದಿಯ ಅಕರವಾಸುವೇ ಆಗಿತ್ತು, ಮಾರಾಯ! ಯಾರೋ ಚಂದದ ಹೆಸರಿಟ್ಟು ನಿನ್ನ ತಲೆಗೆ ಕಟ್ಟಿದ್ದರು. ಅಮ್ಮ ಹುಟ್ಟಿದಾಗಿನಿಂದ ಅದನ್ನು ಬಾಣಲೆಯಲ್ಲೇ ನೋಡಿದವಳು. "ನಂಗೋಸ್ಕರ ಜೀವಂತ ಇಟ್ಟಿದೀರಲ್ಲೇ" ಅಂತ ಖುಷಿಯಿಂದ ಹುರಿದುಬಿಟ್ಟಳು.

ಹಾಗೆಯೇ ಆ ನೀರು ಬಿಸಿಮಾಡುವ ಯಂತ್ರವನ್ನೂ ಕಿತ್ತು ಅಟ್ಟಕ್ಕೆ ಹಾಕು. ಈ ಸೆಕೆಯಲ್ಲಿ ಮೀನಿಗೆ ಬಿಸಿನೀರು ಕಾಯಿಸುವವನು ಇಡೀ ಊರಿನಲ್ಲಿ ನೀನೊಬ್ಬನೇ.

ಅನ್ನ ಮುಚ್ಚಿಟ್ಟಿದ್ದೇನೆ, ತಣ್ಣಗಾಗುವ ಮೊದಲು ಉಣ್ಣು.

ಅಮ್ಮನ ಹತ್ತಿರ ಮಾತ್ರ ಅದು ಸಾಕಿದ ಮೀನೆಂದು ಬಾಯಿಬಿಡಬೇಡ, ನೊಂದುಕೊಳ್ಳುತ್ತಾಳೆ. ಅಳಿಯನಿಗೆ ತನ್ನ ಕೈರುಚಿ ಹಿಡಿಸಿತೆಂದು ಇಡೀ ಕೇರಿಗೆ ಹೇಳಿಕೊಂಡು ಬಂದಿದ್ದಾಳೆ. ತೊಟ್ಟಿ ಖಾಲಿಯಾಗಿದ್ದು ಕಣ್ಣಿಗೆ ಬೀಳುವ ತನಕ ತಟ್ಟೆ ಚಾಚಿ ಕೂತಿದ್ದವನು ನೀನೇ ಅಲ್ಲವೇ: "ಅತ್ತೇ, ಇನ್ನೊಂದ್ ತುಂಡು ಹಾಕಿ, ಇಂಥಾ ಮೀನು ಎಲ್ಲಿ ಸಿಗ್ತು ನಿಮ್ಗೆ?"

ನಿನ್ನ ಸೊಯ್ಲಾ