ಬಾಲ್ದಿ ತೂಗುವ ಎತ್ತರ

ಕುಲಶೇಖರ, 12-3-1961

ಗೇರುಬೀಜ ಕಾರ್ಖಾನೆಯ ಧನಿಗಳಾದ ಸೆವರಿನ್ ಅವರಿಗೆ, ಬೀಜ ಒಡೆಯುವ ಕಮಲಾಕ್ಷಿಯ ನಮಸ್ಕಾರ.

ಬೆಂಕಿ ಆರಿಸುವ ಮರಳಿನ ಬಾಲ್ದಿಗಳನ್ನು ತಾವೇ ನಿಂತು ತೂಗುಹಾಕಿಸಿದಿರಿ. ಆ ಎತ್ತರವನ್ನು ಯಾರ ಕೈಗೆ ಅಳೆದದ್ದು ಎಂದು ತಿಳಿಯುವ ಕುತೂಹಲ ನನಗೆ. ನಿನ್ನೆ ಗೋಣಿಗೆ ಕಿಡಿ ಹತ್ತಿದಾಗ ನಲವತ್ತು ಹೆಂಗಸರಲ್ಲಿ ಒಬ್ಬಳಿಗೂ ಬಾಲ್ದಿ ಎಟುಕಲಿಲ್ಲ.

“ಇದೆಂತ ಅಕ್ಕಾ, ಬಾಲ್ದಿ ಉಂಟು, ಏಣಿ ಎಲ್ಲಿ ಉಂಟು?” ಎಂದಳು ಪಕ್ಕದ ಸುಂದರಿ.

ಕೊನೆಗೆ, ಬೀಜದ ಎಣ್ಣೆ ಕೈ ಸುಡದಂತೆ ಬೆರಳಿಗೆ ಹಚ್ಚಿಕೊಳ್ಳಲು ನಾವು ಮಗ್ಗುಲಲ್ಲಿ ಇಟ್ಟುಕೊಳ್ಳುವ ಬೂದಿಯನ್ನೆಲ್ಲ ಸುರಿದು ಆರಿಸಿದೆವು.

ಗೋಡೆಯಲ್ಲಿ ನನ್ನ ಎದೆಯ ಎತ್ತರಕ್ಕೆ ಮಸಿಯಿಂದ ಗೆರೆ ಎಳೆದಿದ್ದೇನೆ. ಬಾಲ್ದಿಗಳಿಗೆ ಅಲ್ಲಿ ಮೊಳೆ ಹೊಡೆಸುವ ಮುಂಚೆ ಒಮ್ಮೆ ಬನ್ನಿ, ಸುಂದರಿ ಕೈ ಚಾಚಿ ತೋರಿಸುತ್ತಾಳೆ.

ಅಕ್ಷರ ಓರೆಯಾಗಿದ್ದರೆ ಕ್ಷಮಿಸಿ. ಹೊಸ ಬೂದಿ ಇನ್ನೂ ಬಂದಿಲ್ಲ, ಬೀಜ ಒಡೆಯುವುದನ್ನು ನಾವು ನಿಲ್ಲಿಸಿಲ್ಲ.

ಇಂತು,
ಕಮಲಾಕ್ಷಿ