ಎರಡನೇ ಚಾವಿ

ಮಾರ್ಚ್ 3, ಬೆಳಿಗ್ಗೆ

ಸೋಲಾರ್ ಪ್ಲೇಟ್ ಒರೆಸಿದ್ದಾಯಿತು. ಬಟ್ಟೆ ಬೂದಿ ಬಣ್ಣ. ವಾಡಿಯಲ್ಲಿ ಮೇಲಿನಿಂದ ಮೊದಲು ಬೀಳುವುದು ಸಿಮೆಂಟ್ ಧೂಳು, ಆಮೇಲೆ ಬಿಸಿಲು. ನಮ್ಮದು ಓಣಿಯಿಂದ ದೂರ, ಕೊನೆಯ ಮನೆ. ಆಚೆಗೆ ಕೆಲಸ ನಿಂತ ಕಲ್ಲಿನ ಗಣಿ, ಅದರ ನೀರು.

ಹಿಂದಿನ ಕೋಣೆಯಿಂದ ಮಷಿನ್ನಿನ ಸದ್ದು. ಬಾಡಿಗೆಗಿರುವ ಅನಸುಬಾಯಿಯದು — ಗಾಳಿಯಿಂದ ಆಕ್ಸಿಜನ್ ತೆಗೆದು ಮೂಗಿಗೆ ಕೊಡುತ್ತದೆ. ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡಿ ಮಾಡಿ ಅವರ ಎದೆ ತುಂಬ ಪುಡಿ.

ಆ ಗುಂಯ್ ಸದ್ದಿನಲ್ಲಿ ಮತ್ತೆ ಬೇಸ್‌ನಲ್ಲಿದ್ದೆ. ಗುಡ್ಡದ ಮೇಲೆ ಮಿಲಿಟರಿ ಪವರ್ ಹೌಸ್, ಸಾಲಾಗಿ ಡೀಸೆಲ್ ಇಂಜಿನ್ನು. ಆ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ರಿಟೈರ್ ಆದರೂ ಅಭ್ಯಾಸ ಹೋಗಿಲ್ಲ.

ಮಾರ್ಚ್ 11

ಮಧ್ಯಾಹ್ನ ಕರೆಂಟ್ ಹೋಯಿತು. ನೆತ್ತಿ ಸುಡುವ ಬಿಸಿಲು. ಆದರೂ ಸೋಲಾರ್ ಇನ್ವರ್ಟರ್ ಕೆಂಪು ದೀಪ ತೋರಿಸಿ ಸುಮ್ಮನಾಯಿತು. ಮಷಿನ್ನೂ. ಅನಸುಬಾಯಿ ಗೋಡೆಗೆ ಆತು ಕುಳಿತರು. ತುಟಿ ಕಪ್ಪಾಯಿತು. ಪುಣ್ಯಕ್ಕೆ ಕರೆಂಟ್ ಬೇಗ ಬಂತು. ಬರದಿದ್ದರೆ...

ಉಸಿರು ತಿರುಗಿದ ಮೇಲೆ ಬೈದರು. "ಮಿಲ್ಟ್ರಿಗೆಲ್ಲಾ ಕರೆಂಟ್ ಕೊಟ್ಟು ಬಂದೀನಿ ಅಂತಿದ್ದೆಲ್ಲ ನಯೀಮ. ಮ್ಯಾಲ ಇಷ್ಟು ಬಿಸಿಲು ಬಿದ್ದದ, ಒಂದು ಮುದುಕಿಗಿ ಸಾಲಲ್ಲೇನು?"

ಸಂಜೆ ಅವರ ಮಗ ಚಂದ್ರಾಮ ಬಂದ. ಲೈನ್‌ಮನ್. ಅವನೇ ತಿಳಿಸಿ ಹೇಳಿದ. "ಯವ್ವಾ, ರೂಲ್ ಅದ. ಲೈನ್ ಬಂದಾದ್ರ ಮನಿ ಸೋಲಾರೂ ಬಂದಾಗಬೇಕು. ನಾ ಕಂಬದ ಮ್ಯಾಲ ಇರ್ತೀನಿ, ಚಾಚಾನ ಕರೆಂಟ್ ಹಿಂದಿಂದ ಬಂತಂದ್ರ ನನ್ನ ಕಬಾಬ್ ಮಾಡ್ತದ."

"ನೀ ಎಲ್ಲಿ ಕಂಬ ಏರ್ತಿ. ಚಾದ ಅಂಗಡ್ಯಾಗ ಕುಂತಿರ್ತಿ."

ಮಾರ್ಚ್ 14

ಮಗನಿಲ್ಲದಾಗ ಅನಸುಬಾಯಿ ಮೆಲ್ಲಗೆ ಕೇಳಿದರು. "ಆ ಕೆಂಪು ದೀಪಕ್ಕ ಮೋಸ ಮಾಡಾಕ ನಿನಗ ಬರ್ತದಲ್ಲ?"

ಬರುತ್ತದೆ. ಬರುವುದಿಲ್ಲ ಅಂದೆ.

ಬೇಸ್‌ನಲ್ಲಿ ಅದು ಮೋಸವಲ್ಲ, ದಿನದ ಕೆಲಸ. ಹೊರಗಿನ ಲೈನ್ ಹೋದರೆ ಅದನ್ನು ಕಡಿದುಕೊಂಡು ನಾವೇ ಒಂದು ದ್ವೀಪ. ಲೈನ್ ಬಂದ ಮೇಲೆ ಮತ್ತೆ ಕೂಡಬೇಕು — ಗಡಿಯಾರದಂಥ ಮೀಟರು, ಮುಳ್ಳು ನಿಧಾನ ತಿರುಗಿ ಹನ್ನೆರಡಕ್ಕೆ ಬರುವಾಗ ಸ್ವಿಚ್ಚು. ಎರಡು ಕರೆಂಟು ಒಂದಾಗುವ ಆ ಕ್ಷಣ ಇಂಜಿನ್ನಿನ ದನಿ ತುಸು ಇಳಿಯುತ್ತಿತ್ತು. ಕ್ವಾರ್ಟರ್ಸಿನ ಹೆಂಗಸರಿಗೂ ಗೊತ್ತಾಗುತ್ತಿತ್ತು. ನನ್ನ ಹೆಂಡತಿ ಫರಹತ ಕೈಯಲ್ಲಿನ ಕೆಲಸ ನಿಲ್ಲಿಸಿ ಹೇಳುತ್ತಿದ್ದಳು, "ಈಗ ಕೂಡ್ತು ನೋಡ್ರಿ." ನಾನು ಡ್ಯೂಟಿಯಲ್ಲಿದ್ದಾಗ ಯಾರಿಗೆ ಹೇಳುತ್ತಿದ್ದಳೋ. ಬದುಕಿದ್ದಾಗ ಕೇಳಲಿಲ್ಲ.

ಏಪ್ರಿಲ್ 20

ಮನೆಯಲ್ಲಿ ಬ್ಯಾಟರಿ ಇಡಲು ಕರೆಂಟ್ ಆಫೀಸಿನ ಪರ್ಮಿಷನ್ ಬಂತು. ಬ್ಯಾಟರಿ ಬಂತು. ಗೋಡೆಗೆ ದೊಡ್ಡ ಸ್ವಿಚ್ — ಹಿಡಿ ಮೇಲಿದ್ದರೆ ಲೈನ್. ಕೆಳಗೊತ್ತಿದರೆ ಲೈನ್ ಕಡಿದು ಮನೆಯದೇ ಸೋಲಾರು, ಬ್ಯಾಟರಿ. ಎರಡೂ ಒಟ್ಟಿಗೆ ಆಗದು. ಹಿಡಿಗೊಂದು ಬೀಗ. ಅದು ನನ್ನ ಹಟ.

ಬೇಸ್‌ನಲ್ಲಿ ನಮ್ಮ ಫೋರ್‌ಮನ್ ಆಗಿದ್ದ ಅಮೀರ್ ಅಲಿಯವರ ಕಾಯ್ದೆ: ಲೈನಿನ ಮೇಲೆ ಹೋಗುವವನೇ ಬೀಗ ಹಾಕಬೇಕು, ಚಾವಿ ಅವನ ಕಿಸೆಯಲ್ಲೇ ಇರಬೇಕು, ಅವನೇ ಬಂದು ತೆಗೆಯಬೇಕು. ಒಮ್ಮೆ ಚಾವಿ ಕಿಸೆಯಲ್ಲಿಟ್ಟುಕೊಂಡೇ ಬಜಾರಿಗೆ ಹೋಗಿಬಿಟ್ಟರು. ಆಫೀಸರುಗಳ ದಾವತ್ತು ಮೇಣದಬತ್ತಿಯಲ್ಲಿ ನಡೆಯಿತು. ಸಾಹೇಬರು ಕೂಗಾಡಿದರೆ ಇವರದು ತಣ್ಣಗಿನ ದನಿ — "ಎರಡನೇ ಚಾವಿ ಇದ್ದರೆ ಬೀಗ ಯಾಕೆ, ಸಾಬ್?"

ಚಂದ್ರಾಮ ನಕ್ಕ. "ಚಾಚಾ, ಇದು ವಾಡಿ ಅದ, ಬಾರ್ಡರ್ ಅಲ್ಲ." ಆದರೂ ಬೀಗದ ಜೊತೆ ಬಂದಿದ್ದ ಎರಡನೇ ಚಾವಿಯನ್ನು ತಾನೇ ಗಣಿಯ ನೀರಿಗೆ ಎಸೆದ. ಅನಸುಬಾಯಿ ನೋಡುತ್ತಿದ್ದರು.

ಮೇ 16, ಮಧ್ಯಾಹ್ನ

ಗಾಳಿ. ಚಿತ್ತಾಪುರದ ಕಡೆ ಕಂಬ ಬಿದ್ದಿವೆ. ಚಂದ್ರಾಮ ಬಂದು ಹಿಡಿ ಕೆಳಗೊತ್ತಿ, ಬೀಗ ಹಾಕಿ, ಚಾವಿ ಕಿಸೆಗಿಟ್ಟ. ಮಷಿನ್ ನಡೆಯುತ್ತಿದೆ.

"ಉಂಡು ಹೋಗೋ."

"ಬಂದು ಉಣ್ತೀನಿ ಯವ್ವಾ."

ಮೋಡ ಹೋಗಿಲ್ಲ. ಬ್ಯಾಟರಿ ತುಂಬುತ್ತಿಲ್ಲ.

ಅದೇ ದಿನ, ದೀಪ ಹಚ್ಚುವ ಹೊತ್ತು

ಓಣಿಯ ದೀಪ ಹೊತ್ತಿದವು. ಲೈನ್ ಬಂದಿದೆ. ನಮ್ಮ ಮನೆ ಮಾತ್ರ ಇನ್ನೂ ದ್ವೀಪ. ಬ್ಯಾಟರಿ ತಳ ಮುಟ್ಟಿದೆ. ಚಂದ್ರಾಮನ ಫೋನ್ ಹತ್ತುತ್ತಿಲ್ಲ. ಸುತ್ತಿಗೆ ತಂದೆ.

ಅನಸುಬಾಯಿ ಮೂಗಿನ ನಳಿಗೆ ಎಷ್ಟು ಬಿಡುತ್ತದೋ ಅಷ್ಟು ದೂರ ಎದ್ದು ಬಂದರು. "ಒಡೀಬ್ಯಾಡ."

"ಅಕ್ಕಾ, ಲೈನ್ ಬಂದದ. ದೀಪ ಕಾಣಾಕತ್ತಿಲ್ಲೇನು? ಈಗ ಒಡದ್ರ ಯಾರಿಗೂ ಏನೂ ಆಗಲ್ಲ. ಮಷಿನ್ ನಿಂತ್ರ ನಿಮಗ—"

"ಓಣಿಗಿ ಬಂದದ. ಅವ ಬಂದಿಲ್ಲ. ಚಾವಿ ಅವನ ಕಿಸೆದಾಗ ಅದ."

ಸುತ್ತಿಗೆ ಕೆಳಗಿಟ್ಟೆ. ಅಮೀರ್ ಅಲಿಯವರಿದ್ದರೆ ಈ ಮುದುಕಿಗೆ ಸಲಾಂ ಹೊಡೆಯುತ್ತಿದ್ದರು. ನಾನು ಬರೇ ಬರೆಯುತ್ತ ಕುಳಿತಿದ್ದೇನೆ, ಕೈ ಮತ್ತೆ ಸುತ್ತಿಗೆಗೆ ಹೋಗದಿರಲೆಂದು. ಮಷಿನ್ನಿನ ದನಿ ಸಣ್ಣಗಾಗುತ್ತಿದೆ. ಅವರ ಉಸಿರು ಅದಕ್ಕಿಂತ ಜೋರು.

ಗಣಿಯ ತಿರುವಿನಲ್ಲಿ ಬೈಕು. ಯಾರದೋ... ಅನಸುಬಾಯಿ ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದರು. ಫರಹತ ಕಿವಿಗೊಟ್ಟಾಗ ಇದೇ ಮುಖ.

"ಅವನದೇ," ಅಂದರು. "ಸೈಲೆನ್ಸರ್ ಒಡದದ, ರಿಪೇರಿ ಮಾಡ್ಸು ಅಂದ್ರ ಕೇಳಲ್ಲ. ತಾಟು ಹಚ್ಚು ನಯೀಮ, ಹಸದಾನ."

ಪೆನ್ನು ಇಡುತ್ತೇನೆ. ಹಿಡಿ ಮೇಲೆತ್ತುವಾಗ ದನಿ ಹೇಗೆ ಬದಲಾಗುತ್ತದೆ — ಈ ಸಲ ನಾನು ಮನೆಯೊಳಗಿದ್ದು ಕೇಳಿಸಿಕೊಳ್ಳುತ್ತೇನೆ.