ಗುಡ್ಡೆ ಹಾಕಿದ ಲೇಖನಗಳು

ಮೈಸೂರು

ಅವ್ವ,

ನಾನು ಚೆನ್ನಾಗಿದ್ದೇನೆ. ಎರಡು ಸಲ ವಾಪಸ್ ಬಂದಿದ್ದ ನನ್ನ ಪಿಎಚ್‌ಡಿ ಅಧ್ಯಾಯವನ್ನು ಗೈಡ್ ಮೇಡಂ ನಿನ್ನೆ ಒಪ್ಪಿದರು.

ಒಂದು ದ್ವೀಪದ ಸುಸ್ಥಿರ ಪ್ರವಾಸೋದ್ಯಮದ ಬಗ್ಗೆ ಬಂದ ನೂರನಲವತ್ತು ಸಂಶೋಧನಾ ಲೇಖನಗಳನ್ನು ವರ್ಷವಾರು ಜೋಡಿಸಿದ್ದೆ. ಅದರಿಂದ ಏನೂ ತಿಳಿಯಲಿಲ್ಲ. ದೀಪಾವಳಿಗೆ ಊರಿಗೆ ಬಂದಾಗ ಹೊಗೆಸೊಪ್ಪನ್ನೂ ಕಿತ್ತ ದಿನದ ಪ್ರಕಾರ ಜೋಡಿಸಲು ಹೋಗಿ ನಿನ್ನಿಂದ ಬೈಸಿಕೊಂಡೆ. "ಲೇ ಓದಿದೋಳೆ, ಯಾವತ್ತು ಕಿತ್ತಿದ್ದು ಅಂತ ಯಾರು ಕೇಳ್ತಾರೆ? ಎಲೆ ನೋಡಿ ಗುಡ್ಡೆ ಆಕು ಕಣೇ" ಎಂದೆ ನೀನು.

ಇಲ್ಲಿಗೆ ಬಂದು ಹಾಗೇ ಮಾಡಿದೆ. ಸಂಶೋಧಕರು ಯಾರನ್ನು ಮಾತನಾಡಿಸಿದ್ದಾರೆ ಎಂದು ನೋಡಿ ಗುಡ್ಡೆ ಹಾಕಿದೆ. ಪ್ರವಾಸಿಗರದೇ ದೊಡ್ಡ ಗುಡ್ಡೆ. ದ್ವೀಪದ ಜನರನ್ನು ಕೇಳಿದ್ದು ಒಂಬತ್ತೇ ಲೇಖನ, ಒಂಬತ್ತೂ ಈಚಿನವು.

ಹದಿನಾಲ್ಕಕ್ಕೆ ಇದನ್ನು ವಿಭಾಗದಲ್ಲಿ ಮಂಡಿಸಬೇಕು. ಬೆಟ್ಟದಪುರದಿಂದ ಬೆಳಗಿನ ಬಸ್ಸಿಗೇ ಬಾ. ಈ ವಿಧಾನ ಎಲ್ಲಿ ಕಲಿತೆ ಎಂದು ಕೇಳಿದರೆ ತೋರಿಸುವುದಕ್ಕೆ ನೀನು ಮುಂದಿನ ಸಾಲಿನಲ್ಲಿ ಕೂತಿರಬೇಕು.

ನಿನ್ನ ಮಗಳು,
ಮಧುಶ್ರೀ